ರಿಜಿಸ್ಟರ್ ಎಲ್ಲರಿಗೂ ತೆರೆದಿರಲಿ, ಕಡತಕ್ಕೆ ಬೀಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ವೈದ್ಯರು, ದಂತವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟರು, ವಕೀಲರು ವೃತ್ತಿ ನಡೆಸಬೇಕಾದರೆ ಆಯಾ ವೃತ್ತಿಯನ್ನು ನಿಯಂತ್ರಿಸುವ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಹೆಸರು ಇರಲೇಬೇಕು. ಹೆಸರು ಸೇರಬೇಕಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಆಧಾರ್‌ವರೆಗೆ ಒಂದು ಕಟ್ಟು ಕಾಗದ ಒಪ್ಪಿಸಬೇಕು. ಕೊಡುವುದಿಲ್ಲ ಎನ್ನುವ ಅವಕಾಶ ಯಾರಿಗೂ ಇಲ್ಲ. ಒಂದು ಬ್ಯಾಂಕ್ ಸರಿ ಕಾಣದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಕೌನ್ಸಿಲ್ ಇರುವುದು ಒಂದೇ. ಕಡ್ಡಾಯವಾಗಿ ಪಡೆದ ಈ ಮಾಹಿತಿಯನ್ನು ಕಾಯುವ ಹೊಣೆ ಬೇರೆಲ್ಲರಿಗಿಂತ ಕೌನ್ಸಿಲ್‌ಗಳಿಗೆ ಹೆಚ್ಚು. ಆ ಹೊಣೆಯ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆ ಬಹಳ ಕಡಿಮೆ.

ಕೌನ್ಸಿಲ್ ಬಳಿ ಇರುವುದು ಎರಡು ಬೇರೆ ಬೇರೆ ದಾಖಲೆ. ರಿಜಿಸ್ಟರ್ ಜನರದ್ದು: ತನಗೆ ಔಷಧ ಬರೆದವರು ನಿಜವಾಗಿ ವೈದ್ಯರೇ ಎಂದು ಯಾವ ರೋಗಿ ಬೇಕಾದರೂ ಅದನ್ನು ತೆರೆದು ನೋಡಬಹುದು. ಕಡತ ಹಾಗಲ್ಲ. ಅದರಲ್ಲಿ ಅರ್ಜಿದಾರರ ಜನ್ಮದಿನ, ಮನೆ ವಿಳಾಸ, ಮೊಬೈಲ್, ಸಹಿಯ ಮಾದರಿ, ಆಧಾರ್ ಪ್ರತಿ ಇರುತ್ತವೆ. ಯಾರಾದರೂ ದೂರು ಕೊಟ್ಟಿದ್ದರೆ ರೋಗಿಯ ಕೇಸ್‌ಶೀಟ್ ಕೂಡ ಇರುತ್ತದೆ. ಕಾಗದದ ಕಾಲದಲ್ಲಿ ರಿಜಿಸ್ಟರ್ ಮೇಜಿನ ಮೇಲೆ, ಕಡತ ಬೀರುವಿನಲ್ಲಿ ಇರುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಎರಡನ್ನೂ ಒಂದೇ ಡೇಟಾಬೇಸ್‌ಗೆ ತುಂಬಲಾಯಿತು. ಜನ ಹುಡುಕುವ ಪುಟವೂ ಗುಮಾಸ್ತರು ಕೆಲಸ ಮಾಡುವ ಪುಟವೂ ಒಂದೇ ಪಟ್ಟಿಯಿಂದ ಓದಿಕೊಳ್ಳುತ್ತವೆ. ಏನನ್ನು ತೋರಿಸಬೇಕು ಎಂದು ಯಾರೂ ತೀರ್ಮಾನಿಸದೇ ಹೋದಾಗ, ಇದ್ದಬದ್ದದ್ದೆಲ್ಲ ತೆರೆಯ ಮೇಲೆ ಬರುತ್ತದೆ. ನಾವು ಕಂಡ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಸಂಗ್ರಹಿಸುವವರ ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳಿಗೆ, ಎಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಅಷ್ಟರಲ್ಲಿ ಕೌನ್ಸಿಲ್‌ಗಳೂ ಸರಿದಾರಿಗೆ ಬರುತ್ತವೆ ಎಂದು ಬಹಳ ಮಂದಿ ನಂಬಿದ್ದಾರೆ. ಕಾಯ್ದೆಯ ಸೆಕ್ಷನ್ 17 ಓದಿದವರು ಹಾಗೆ ನಂಬಲಾರರು. ಕಾನೂನಿನಡಿ ನಿಯಂತ್ರಣದ ಅಥವಾ ಅರೆನ್ಯಾಯಿಕ (ಕೋರ್ಟಿನಂತೆ ವಿಚಾರಣೆ ನಡೆಸಿ ತೀರ್ಮಾನಿಸುವ) ಕೆಲಸ ಮಾಡುವ ಸಂಸ್ಥೆಗಳಿಗೆ, ಆ ಕೆಲಸಕ್ಕೆ ಅಗತ್ಯವಾದ ಮಟ್ಟಿಗೆ, ಕಾಯ್ದೆಯ ಎರಡನೇ ಮತ್ತು ಮೂರನೇ ಅಧ್ಯಾಯಗಳಿಂದ ವಿನಾಯಿತಿ ಇದೆ. ಉಳಿಯುವುದು ಸೆಕ್ಷನ್ 8ರ ಎರಡು ಉಪವಿಧಿ ಮಾತ್ರ. ಒಂದನೇ ಉಪವಿಧಿ ಪ್ರಕಾರ, ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿದ್ದರೂ ಹೊಣೆ ಕೌನ್ಸಿಲ್‌ನದೇ. ಐದನೇ ಉಪವಿಧಿ ಪ್ರಕಾರ, ಮಾಹಿತಿ ಸೋರದಂತೆ ತಕ್ಕ ಭದ್ರತೆ ಇಡಬೇಕು.

ಬಿಟ್ಟುಹೋದದ್ದು ಏನೇನು ನೋಡಿ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು ಎನ್ನುವುದು ಆರನೇ ಉಪವಿಧಿ. ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎನ್ನುವುದು ಏಳನೆಯದು. ನನ್ನ ಬಗ್ಗೆ ಏನಿದೆ ತೋರಿಸಿ, ತಪ್ಪಿದ್ದರೆ ತಿದ್ದಿ ಎಂದು ಕೇಳುವ ಹಕ್ಕು ಮೂರನೇ ಅಧ್ಯಾಯದಲ್ಲಿದೆ. ನೋಂದಣಿ, ಶಿಸ್ತುಕ್ರಮದಂಥ ಮೂಲ ಕೆಲಸಗಳ ಮಟ್ಟಿಗೆ ಇವು ಯಾವುವೂ ಕೌನ್ಸಿಲ್‌ಗಳನ್ನು ಕಟ್ಟಿಹಾಕುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ನಿಜ. ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಯಾರ ಆಧಾರ್ ಪ್ರತಿ ಬೀದಿಪಾಲಾಯಿತೋ ಅವರಿಗೆ ಅದರಲ್ಲಿ ಪೈಸೆಯೂ ಇಲ್ಲ.

ಆದ್ದರಿಂದ ನಮ್ಮ ಒತ್ತಾಯ ಒಂದೇ. ಕಾಯ್ದೆ ಕಡ್ಡಾಯ ಮಾಡದಿದ್ದರೂ ಪ್ರತಿ ಕೌನ್ಸಿಲ್ ತನ್ನ ಸಭೆಯಲ್ಲಿ ನಿರ್ಣಯ ಮಾಡಿ, ಸೋರಿಕೆ ತಿಳಿಸುವುದು, ಅಳಿಸುವುದು, ತಿದ್ದುವುದು ಈ ಮೂರನ್ನೂ ತನಗೆ ತಾನೇ ನಿಯಮವಾಗಿ ಹಾಕಿಕೊಳ್ಳಬೇಕು. ವಿನಾಯಿತಿ ಇದೆ ಎಂದರೆ ಮಾಡಬಾರದು ಎಂದು ಅರ್ಥವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಈ ರಾಜ್ಯದ ಕೌನ್ಸಿಲ್‌ಗಳು ದೇಶಕ್ಕೆ ಮೊದಲು ಈ ಹೆಜ್ಜೆ ಇಟ್ಟರೆ ಅದು ನ್ಯಾಯವಾದದ್ದೇ.

ಮೊದಲು ರಿಜಿಸ್ಟರಿನ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ ಸೆಕ್ಷನ್ 31 ರಾಷ್ಟ್ರೀಯ ರಿಜಿಸ್ಟರಿನಲ್ಲಿ ವೈದ್ಯರ ಹೆಸರು, ವಿಳಾಸ, ಮಾನ್ಯತೆ ಪಡೆದ ಅರ್ಹತೆಗಳು ಇರಬೇಕು, ಅದು ಜಾಲತಾಣದಲ್ಲಿ ಎಲ್ಲರಿಗೂ ಸಿಗಬೇಕು ಎನ್ನುತ್ತದೆ. ಯಾವ ವಿಳಾಸ, ಮನೆಯದೋ ಕ್ಲಿನಿಕ್‌ನದೋ ಎಂದು ಅದು ಹೇಳುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯಂತೂ ವಾಸದ ವಿಳಾಸ, ವೃತ್ತಿಯ ವಿಳಾಸ, ಕೆಲಸ ಕೊಟ್ಟವರ ಹೆಸರು ಮೂರನ್ನೂ ರಿಜಿಸ್ಟರಿನಲ್ಲಿ ಬರೆಯಿಸುತ್ತದೆ. ರಿಜಿಸ್ಟರ್ ನೋಡಬೇಕೆಂದರೆ ಕಚೇರಿಗೆ ಹೋಗಬೇಕಿದ್ದ ಅಥವಾ ಅಚ್ಚಾದ ಪ್ರತಿಯನ್ನು ದುಡ್ಡು ಕೊಟ್ಟು ಪಡೆಯಬೇಕಿದ್ದ ಕಾಲದ ನಿಯಮ ಅದು. ಅದೇ ಸಾಲನ್ನು ಜಾಲತಾಣಕ್ಕೆ ಹಾಕಿದರೆ ಒಬ್ಬ ಹುಡುಗ ಸಣ್ಣ ಪ್ರೋಗ್ರಾಂ ಬರೆದು ಒಂದು ರಾತ್ರಿಯಲ್ಲಿ ಇಡೀ ರಾಜ್ಯದ ಪಟ್ಟಿ ಇಳಿಸಿಕೊಳ್ಳಬಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ಮಾಹಿತಿಗೆ 2023ರ ಕಾಯ್ದೆ ಅನ್ವಯಿಸುವುದೇ ಇಲ್ಲ. ಸೆಕ್ಷನ್ 3 ಅದನ್ನು ಹೊರಗಿಟ್ಟಿದೆ. ಪ್ರಕಟವಾದ ಮನೆ ವಿಳಾಸವನ್ನು ಯಾರು ಎಲ್ಲಿಗೆ ಮಾರಿದರೂ ಈ ಕಾಯ್ದೆಯಡಿ ಕೇಳುವಂತಿಲ್ಲ. ಹಾಗಾಗಿ ಕಾಯುವ ಕೆಲಸವೆಲ್ಲ ಪ್ರಕಟಿಸುವ ಮೊದಲೇ ಮುಗಿದಿರಬೇಕು. ಇನ್ನೊಂದು ಕಡೆ, ಕಾನೂನು ಕೇಳದ ಜನ್ಮದಿನ, ಮೊಬೈಲ್, ಇಮೇಲ್‌ಗಳನ್ನು ಕೌನ್ಸಿಲ್ ತಾನಾಗಿ ಪ್ರಕಟಿಸಿದರೆ ಸೆಕ್ಷನ್ 3ರ ಆಶ್ರಯ ಅದಕ್ಕೆ ಸಿಗುವುದಿಲ್ಲ.

ರೋಗಿಗೆ ಬೇಕಾದದ್ದು ಪೂರ್ಣ ಹೆಸರು, ನೋಂದಣಿ ಸಂಖ್ಯೆ ಮತ್ತು ವರ್ಷ, ಪದವಿ ಮತ್ತು ವಿಶ್ವವಿದ್ಯಾಲಯ, ವೃತ್ತಿ ನಡೆಸುವ ಜಿಲ್ಲೆ, ಮತ್ತು ನೋಂದಣಿಯ ಈಗಿನ ಸ್ಥಿತಿ: ಚಾಲ್ತಿಯಲ್ಲಿದೆ, ಅವಧಿ ಮುಗಿದಿದೆ, ಅಮಾನತಾಗಿದೆ, ತೆಗೆದುಹಾಕಲಾಗಿದೆ, ಮೃತರಾಗಿದ್ದಾರೆ. ಕೊನೆಯದನ್ನು ಮರೆಯಬಾರದು. ತೀರಿಕೊಂಡ ವೈದ್ಯರ ಸಂಖ್ಯೆಯನ್ನು ಚೀಟಿಯ ಮೇಲೆ ಅಚ್ಚು ಹಾಕಿಸಿಕೊಂಡು ಕುಳಿತ ನಕಲಿ ವೈದ್ಯ, ಆ ಸಂಖ್ಯೆ ರಿಜಿಸ್ಟರಿನಲ್ಲಿ ಚಾಲ್ತಿಯಲ್ಲಿ ಕಾಣುವವರೆಗೂ ಸುರಕ್ಷಿತ. ನಮ್ಮಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುತ್ತಾರೆ, ಗುರುತಿಸಲು ತಂದೆಯ ಹೆಸರು, ವಿಳಾಸ ಬೇಕು ಎಂಬ ವಾದ ಕೇಳಿಬರುತ್ತದೆ. ಅದಕ್ಕೆ ಬೇರೆ ದಾರಿ ಇದೆ. ಹೆಸರಿನಿಂದ ಹುಡುಕಿದವರಿಗೆ ಪಟ್ಟಿಯಷ್ಟೇ ಕಾಣಲಿ. ನೋಂದಣಿ ಸಂಖ್ಯೆಯನ್ನು ಪೂರ್ತಿ ಟೈಪ್ ಮಾಡಿದವರಿಗೆ ಮಾತ್ರ ವೈದ್ಯರ ಫೋಟೊ ಕಾಣಲಿ. ಎದುರು ಕುಳಿತವರು ಅವರೇ ಹೌದೋ ಅಲ್ಲವೋ ಎಂದು ತಂದೆಯ ಹೆಸರಿಗಿಂತ ಫೋಟೊ ಚೆನ್ನಾಗಿ ಹೇಳುತ್ತದೆ. ಕರ್ನಾಟಕದ ಎಷ್ಟೋ ವೈದ್ಯರು ಹೆಸರು ನೋಂದಾಯಿಸಿರುವ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಆನ್‌ಲೈನ್ ರಿಜಿಸ್ಟರಿನಲ್ಲಿ ಮನೆ ವಿಳಾಸ ಇಲ್ಲ; ಅದರಿಂದ ಅಲ್ಲಿನ ರೋಗಿಗಳಿಗೆ ಏನೂ ಕೊರತೆಯಾಗಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕಾಯ್ದೆ ತಂದ ರಾಜ್ಯ ನಮ್ಮದು. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೋಗುವ ವೈದ್ಯೆಯ ವಿಳಾಸ ಗೂಗಲ್‌ನಲ್ಲಿ ಸಿಗುವುದು ಆ ಕಾಯ್ದೆಯ ಆಶಯಕ್ಕೇ ವಿರುದ್ಧ.

ಇನ್ನು ಅರ್ಜಿ ಹಾಕುವ ಹಂತ. ಇಲ್ಲಿ ಸೋರಿಕೆ ಕೌನ್ಸಿಲ್‌ನ ಸರ್ವರ್ ತಲುಪುವ ಮೊದಲೇ ಶುರುವಾಗುತ್ತದೆ. ಪ್ರತಿ ದಾಖಲೆ ಇಷ್ಟೇ ಕೆಬಿ ಇರಬೇಕು, ಸಹಿ ಇಷ್ಟೇ ಅಗಲ ಇರಬೇಕು, ಮೊಬೈಲ್‌ನಲ್ಲಿ ಪುಟ ಸರಿಯಾಗಿ ತೆರೆಯುವುದಿಲ್ಲ. ಹೀಗಾದಾಗ ಅರ್ಜಿದಾರರು ಹೋಗುವುದು ಹತ್ತಿರದ ಸೈಬರ್ ಸೆಂಟರಿಗೆ. ಅಲ್ಲಿನವರು ಎಲ್ಲ ಮೂಲ ಪ್ರತಿಗಳನ್ನು ಸ್ಕ್ಯಾನ್ ಮಾಡಿ, ಗಾತ್ರ ಇಳಿಸಿ, ಅಪ್‌ಲೋಡ್ ಮಾಡಿ ಕೊಡುತ್ತಾರೆ. ಸ್ಕ್ಯಾನ್ ಪ್ರತಿಗಳು ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತವೆ. ಒಟಿಪಿ ಬೇಗ ಸಿಗಲಿ ಎಂದು ಸೆಂಟರಿನವರೇ ತಮ್ಮ ಮೊಬೈಲ್ ಸಂಖ್ಯೆ ಹಾಕಿರುವುದೂ ಉಂಟು. ಮುಂದೆ ಐದು ವರ್ಷ ಕೌನ್ಸಿಲ್‌ನ ಪ್ರತಿ ಒಟಿಪಿಯೂ ಆ ಸಂಖ್ಯೆಗೇ ಹೋಗುತ್ತದೆ. ವಿದೇಶಕ್ಕೆ ಹೋಗಲು ಏಜೆಂಟರ ಮೂಲಕ ಅರ್ಜಿ ಹಾಕುವ ನರ್ಸ್‌ಗಳ ವಿಷಯದಲ್ಲೂ ಇದೇ ಕಥೆ. ಲಾಗಿನ್ ಏಜೆಂಟರ ಕೈಯಲ್ಲಿರುತ್ತದೆ. ಪರಿಹಾರ ಕಷ್ಟದ್ದಲ್ಲ. ಮೊಬೈಲ್‌ನಲ್ಲಿ ತೆಗೆದ ಫೋಟೊವನ್ನು ಹಾಗೆಯೇ ಸ್ವೀಕರಿಸಿ, ಗಾತ್ರ ಇಳಿಸುವ ಕೆಲಸವನ್ನು ಕೌನ್ಸಿಲ್‌ನ ಜಾಲತಾಣವೇ ಮಾಡಿಕೊಳ್ಳಲಿ. ಡಿಜಿಲಾಕರಿನಲ್ಲಿ ಪದವಿ ಪತ್ರ ಇದ್ದವರಿಂದ ಅಲ್ಲಿಂದಲೇ ತೆಗೆದುಕೊಳ್ಳಲಿ. ಒಂದೇ ಮೊಬೈಲ್ ಸಂಖ್ಯೆ ಎರಡನೇ ಅರ್ಜಿಯಲ್ಲಿ ಕಂಡರೆ ಅಲ್ಲೇ ತಡೆಯಲಿ.

ಆಧಾರ್ ಪ್ರತಿಯನ್ನು ಏಕೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದರೆ ಗುರುತು ಪರಿಶೀಲನೆಗೆ ಎನ್ನುತ್ತಾರೆ. ಪರಿಶೀಲನೆ ಒಂದು ದಿನದ ಕೆಲಸ. ಪ್ರತಿ ಮಾತ್ರ ವರ್ಷಗಟ್ಟಲೆ ಕಡತದಲ್ಲಿರುತ್ತದೆ. 2024ರ ಆಗಸ್ಟ್‌ನಲ್ಲಿ ಆರಂಭವಾದ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್ ಪೋರ್ಟಲ್ ಆಧಾರ್ ಮೂಲಕವೇ ಗುರುತು ಖಚಿತಪಡಿಸಿಕೊಳ್ಳುತ್ತದೆ. ಹಾಗಿರುವಾಗ ರಾಜ್ಯ ಮಟ್ಟದಲ್ಲಿ ಮತ್ತೊಮ್ಮೆ ಪೂರ್ತಿ ಪ್ರತಿ ತೆಗೆದಿಡುವುದರಿಂದ ಸಿಗುವ ಲಾಭ ಕಾಣೆವು. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ‘ಇಂಥ ದಿನ, ಇಂಥ ವಿಧಾನದಲ್ಲಿ, ಇಂಥ ಸಿಬ್ಬಂದಿ ಪರಿಶೀಲಿಸಿದರು’ ಎಂದು ಒಂದು ಸಾಲು ಬರೆದು ಪ್ರತಿಯನ್ನು ಅಳಿಸಬಹುದು. ಪೂರ್ತಿ ಸಂಖ್ಯೆ ಇಟ್ಟುಕೊಳ್ಳಲೇಬೇಕಾದವರು ಅದನ್ನು ಬೇರೆಯೇ ಆದ, ಗೂಢಲಿಪಿಯ ಆಧಾರ್ ಡೇಟಾ ವಾಲ್ಟ್‌ನಲ್ಲಿಟ್ಟು, ಉಳಿದ ಕಡೆ ಅದರ ಬದಲಿ ಸಂಕೇತವನ್ನಷ್ಟೇ ಬಳಸಬೇಕೆಂದು ಆಧಾರ್ ಪ್ರಾಧಿಕಾರ 2017ರಲ್ಲೇ ಸೂಚಿಸಿದೆ. ಫೋಟೊ, ಸಹಿ, ಪದವಿ ಪತ್ರ, ಆಧಾರ್ ಈ ನಾಲ್ಕೂ ಒಂದೇ ಫೋಲ್ಡರಿನಲ್ಲಿ ಸಿಕ್ಕರೆ ಬೇರೆಯವರ ಹೆಸರಲ್ಲಿ ಸಾಲ ಎತ್ತಲು, ಸಿಮ್ ಪಡೆಯಲು, ಮೆಡಿಕಲ್ ಶಾಪಿನಲ್ಲಿ ಇಲ್ಲದ ಫಾರ್ಮಸಿಸ್ಟರನ್ನು ತೋರಿಸಲು ಬೇಕಾದದ್ದೆಲ್ಲ ಸಿಕ್ಕಂತೆಯೇ.

ಲಾಗಿನ್ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನೋಂದಣಿ ಸಂಖ್ಯೆ ಮತ್ತು ಜನ್ಮದಿನ ಹಾಕಿದರೆ ನವೀಕರಣದ ಪುಟ ತೆರೆದುಕೊಳ್ಳುವುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧ ಚೀಟಿ, ಜಾಲತಾಣ, ರಸೀದಿ ಎಲ್ಲದರ ಮೇಲೂ ಕಾಣಿಸಬೇಕು. ಜನ್ಮದಿನ ಫೇಸ್‌ಬುಕ್‌ನಲ್ಲಿ ಸಿಗುತ್ತದೆ. ಊರಿಗೆಲ್ಲ ಗೊತ್ತಿರುವ ಎರಡು ಸಂಗತಿ ಸೇರಿ ಗುಟ್ಟಾಗುವುದಿಲ್ಲ. ಒಟಿಪಿ ಬೇಕೇ ಬೇಕು. ಮೊಬೈಲ್ ಸಂಖ್ಯೆ ಬದಲಾವಣೆಗೆ ಅರ್ಜಿ ಬಂದರೆ ಹಳೆಯ ಸಂಖ್ಯೆಗೂ ಇಮೇಲ್‌ಗೂ ಸಂದೇಶ ಹೋಗಬೇಕು, 72 ಗಂಟೆ ಕಾದ ಮೇಲಷ್ಟೇ ಬದಲಾವಣೆ ಆಗಬೇಕು. ಬೇರೆಯವರ ಖಾತೆ ಕಬಳಿಸುವವರು ಮೊದಲು ಕೈ ಹಾಕುವುದೇ ಮೊಬೈಲ್ ಸಂಖ್ಯೆಗೆ.

ಇದಕ್ಕಿಂತ ಸುಲಭವಾದ ಸೋರಿಕೆ ಇನ್ನೊಂದಿದೆ. ಸಲ್ಲಿಸಿದ ಅರ್ಜಿಯ ಪಿಡಿಎಫ್ ತೆರೆದಾಗ ಬ್ರೌಸರಿನ ವಿಳಾಸದ ಸಾಲು 10457 ಎಂದು ಮುಗಿಯುತ್ತದೆ ಎನ್ನಿ. ಕೊನೆಯ ಅಂಕಿಯನ್ನು 8 ಮಾಡಿ ಎಂಟರ್ ಒತ್ತಿದರೆ ಮುಂದಿನವರ ಅರ್ಜಿ ತೆರೆದುಕೊಂಡರೆ, ಅಲ್ಲಿಗೆ ಆ ಕೌನ್ಸಿಲ್‌ನ ಎಲ್ಲ ಕಡತಗಳೂ ಬೀದಿಯಲ್ಲಿವೆ ಎಂದೇ ಲೆಕ್ಕ. ಇದಕ್ಕೆ ಹ್ಯಾಕರ್ ಬೇಕಿಲ್ಲ. ಲಾಗಿನ್ ಆದವರು ಯಾರು ಎಂದು ಸರ್ವರ್ ಕೇಳುತ್ತದೆ, ಈ ಕಡತ ಅವರದೇ ಹೌದೇ ಎಂದು ಕೇಳುವುದಿಲ್ಲ; ಕಾರಣ ಇಷ್ಟೇ. ಕೌನ್ಸಿಲ್‌ನ ರಿಜಿಸ್ಟ್ರಾರ್ ಎರಡು ಪ್ರಯೋಗದ ಖಾತೆ ತೆರೆದು ಹತ್ತು ನಿಮಿಷದಲ್ಲಿ ಇದನ್ನು ತಾವೇ ಪರೀಕ್ಷಿಸಬಹುದು.

ಎಲ್ಲಕ್ಕಿಂತ ನಾಜೂಕಾದದ್ದು ದೂರಿನ ಕಡತ. ವೈದ್ಯರ ವಿರುದ್ಧ ದೂರು ಬಂದಾಗ ಕೌನ್ಸಿಲ್ ಆಸ್ಪತ್ರೆಯಿಂದ ಕೇಸ್‌ಶೀಟ್, ಸ್ಕ್ಯಾನ್, ಲ್ಯಾಬ್ ವರದಿ ತರಿಸಿಕೊಳ್ಳುತ್ತದೆ. ಎದುರು ಪಕ್ಷಕ್ಕೆ ಪ್ರತಿ ಹೋಗುತ್ತದೆ, ಸಮಿತಿಯ ಸದಸ್ಯರಿಗೆ ಹೋಗುತ್ತದೆ, ಅಭಿಪ್ರಾಯಕ್ಕೆ ತಜ್ಞರಿಗೆ ಹೋಗುತ್ತದೆ. ವೃತ್ತಿ ನಡವಳಿಕೆಯ 2002ರ ನಿಯಮಾವಳಿ, ರೋಗಿಯ ಗುರುತು ತಿಳಿಯುವಂತೆ ಫೋಟೊ ಅಥವಾ ಕೇಸ್ ವಿವರವನ್ನು ಅವರ ಅನುಮತಿ ಇಲ್ಲದೆ ಪ್ರಕಟಿಸಬಾರದು ಎಂದು ವೈದ್ಯರಿಗೆ ಕಟ್ಟಪ್ಪಣೆ ಮಾಡುತ್ತದೆ. ಆ ತಪ್ಪಿಗೆ ವೈದ್ಯರನ್ನು ಶಿಕ್ಷಿಸುವ ಕೌನ್ಸಿಲ್ ತನ್ನ ಆದೇಶದ ಪ್ರತಿಯಲ್ಲಿ ರೋಗಿಯ ಹೆಸರು, ವಯಸ್ಸು, ಊರು, ಆಸ್ಪತ್ರೆಯ ಒಳರೋಗಿ (ಐಪಿ) ಸಂಖ್ಯೆ, ಕಾಯಿಲೆ ಎಲ್ಲವನ್ನೂ ಜಾಲತಾಣಕ್ಕೆ ಹಾಕಿದರೆ ಅದೇ ತಪ್ಪನ್ನು ತಾನೂ ಮಾಡಿದಂತೆ. ಕೆಲವು ಸಂದರ್ಭಗಳಲ್ಲಿ ಅದು ಅಪರಾಧವೂ ಹೌದು. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಗುರುತನ್ನು 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆ ಕಾಪಾಡುತ್ತದೆ. ಎಚ್‌ಐವಿ ಇರುವವರ ಮತ್ತು ಮಾನಸಿಕ ಚಿಕಿತ್ಸೆ ಪಡೆದವರ ವಿವರಗಳನ್ನು 2017ರ ಎರಡು ಪ್ರತ್ಯೇಕ ಕಾಯ್ದೆಗಳು ಕಾಪಾಡುತ್ತವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಡಿ ಶಿಕ್ಷಾರ್ಹ.

ಹೆಸರು ಮರೆಮಾಡುವ ಕೆಲಸವನ್ನು ಹೇಗೆ ಮಾಡಬಾರದು ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಗುಮಾಸ್ತರು ಆದೇಶದ ಪಿಡಿಎಫ್ ತೆರೆದು, ಹೆಸರಿನ ಮೇಲೆ ಕಪ್ಪು ಚೌಕ ಎಳೆದು ಸೇವ್ ಮಾಡುತ್ತಾರೆ. ಕಣ್ಣಿಗೆ ಕಪ್ಪು ಪಟ್ಟಿ ಕಾಣುತ್ತದೆ. ಅದರ ಅಡಿಯಲ್ಲಿ ಅಕ್ಷರಗಳು ಹಾಗೆಯೇ ಇರುತ್ತವೆ. ಪುಟವನ್ನು ಪೂರ್ತಿ ಆಯ್ದು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಹೆಸರು ಎದ್ದು ಬರುತ್ತದೆ. ಸರಿಯಾದ ಕ್ರಮ ಬೇರೆ. ಮೂಲ ವರ್ಡ್ ಕಡತದ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಹೆಸರಿನ ಜಾಗದಲ್ಲಿ ‘ರೋಗಿ’, ‘ದೂರುದಾರರು’ ಎಂದು ಬರೆದು, ಹೊರರೋಗಿ (ಒಪಿ) ಮತ್ತು ಒಳರೋಗಿ (ಐಪಿ) ಸಂಖ್ಯೆ, ಮೊಬೈಲ್, ವಿಳಾಸ ತೆಗೆದು, ದಿನಾಂಕದ ಬದಲು ತಿಂಗಳು ಮತ್ತು ವರ್ಷ ಮಾತ್ರ ಉಳಿಸಿ, ಆಮೇಲೆ ಹೊಸ ಪಿಡಿಎಫ್ ಮಾಡಬೇಕು. ಕಡತದ ಹೆಸರನ್ನೂ ನೋಡಬೇಕು. ಒಳಗೆಲ್ಲ ‘ರೋಗಿ’ ಎಂದಿದ್ದು ಕಡತದ ಹೆಸರಿನಲ್ಲೇ ಅವರ ಹೆಸರಿದ್ದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಕೊನೆಗೆ ಆ ಪಿಡಿಎಫ್‌ನಲ್ಲಿ ರೋಗಿಯ ಹೆಸರು, ತಂದೆ ಅಥವಾ ಗಂಡನ ಹೆಸರು, ಊರಿನ ಹೆಸರು ಹುಡುಕಿ ನೋಡಬೇಕು. ಚಿಕ್ಕ ಊರು, ಅಪರೂಪದ ಕಾಯಿಲೆ, ನಿಖರ ದಿನಾಂಕ ಮೂರೂ ಸೇರಿದರೆ ಹೆಸರೇ ಬೇಡ, ಆ ಊರಿನವರಿಗೆಲ್ಲ ಯಾರೆಂದು ತಿಳಿಯುತ್ತದೆ.

ತಜ್ಞರಿಗೆ ಕಳಿಸುವ ಪ್ರತಿಯಲ್ಲೂ ರೋಗಿಯ ಮೊಬೈಲ್ ಸಂಖ್ಯೆ, ವಿಳಾಸ ಇರಬೇಕಿಲ್ಲ. ಕೇಸ್‌ಶೀಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ತಜ್ಞರ ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಫೋಟೊಗಳ ಜತೆ ಉಳಿಯುತ್ತದೆ, ಬ್ಯಾಕಪ್‌ಗೂ ಹೋಗುತ್ತದೆ. ನಿಗದಿತ ದಿನಗಳ ನಂತರ ತಾನಾಗಿ ಮುಚ್ಚಿಹೋಗುವ ಲಿಂಕ್ ಕೊಡುವುದು ಮೇಲು. ದೂರು ಕೊಟ್ಟವರ ಹೆಸರನ್ನು ವೈದ್ಯರಿಗೆ ತಿಳಿಸಲೇಬೇಕು, ಅದು ಸಹಜ ನ್ಯಾಯ. ಅವರ ಮನೆ ವಿಳಾಸ ತಿಳಿಸುವ ಅಗತ್ಯ ಇಲ್ಲ; ನೋಟಿಸ್ ಹೇಗೂ ಕೌನ್ಸಿಲ್ ಮೂಲಕವೇ ಹೋಗುತ್ತದೆ.

ವೈದ್ಯರ ಹೆಸರಿನ ಬಗ್ಗೆ ನಮ್ಮ ನಿಲುವು ಸ್ಪಷ್ಟ. ರಿಜಿಸ್ಟರಿನಿಂದ ಹೆಸರು ತೆಗೆದರೆ ಅದನ್ನು ಪತ್ರಿಕೆಗಳಲ್ಲಿ ವ್ಯಾಪಕವಾಗಿ ಪ್ರಕಟಿಸಬೇಕೆಂದು 2002ರ ನಿಯಮಾವಳಿಯೇ ಹೇಳುತ್ತದೆ. ಅದು ಜನರ ಹಕ್ಕು, ಖಾಸಗಿತನದ ಹೆಸರಿನಲ್ಲಿ ಮುಚ್ಚಬಾರದು. ಆದರೆ ವಜಾ ಆದ ದೂರಿನಲ್ಲಿ ವೈದ್ಯರ ಹೆಸರು ವರ್ಷಗಟ್ಟಲೆ ಗೂಗಲ್‌ನಲ್ಲಿ ತೇಲುತ್ತಿರುವುದು ಅನ್ಯಾಯ. ಅಂಥ ಆದೇಶದಿಂದ ವೃತ್ತಿಗೆ ಕಲಿಯುವುದು ಇದ್ದರೆ ಎರಡೂ ಕಡೆಯ ಹೆಸರು ತೆಗೆದು ಪ್ರಕಟಿಸಲಿ.

ಇದರ ಎದುರು ದಿಕ್ಕಿನ ಅಪಾಯವನ್ನೂ ಹೇಳಬೇಕು. 2023ರ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನು ತಿದ್ದಿದೆ. ಈ ತಿದ್ದುಪಡಿ 2025ರ ನವೆಂಬರ್‌ನಲ್ಲೇ ಜಾರಿಯಾಗಿದೆ. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ಒಬ್ಬರ ಪದವಿ ನಿಜವೇ, ನೋಂದಣಿ ಯಾವಾಗ ನವೀಕರಣವಾಯಿತು, ದೂರಿನ ಮೇಲೆ ಎಷ್ಟು ಬಾರಿ ವಿಚಾರಣೆ ಮುಂದೂಡಿದಿರಿ ಎಂದು ಕೇಳಿದವರಿಗೆ ಈ ಒಂದೇ ಪದ ತೋರಿಸಿ ಬಾಗಿಲು ಹಾಕುವುದು ಸುಲಭ. ದೂರನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆಂದು 2002ರ ನಿಯಮಾವಳಿಯಲ್ಲಿದೆ. ವಿಳಂಬವನ್ನು ಮುಚ್ಚಲು ಖಾಸಗಿತನವನ್ನು ಬಳಸಿಕೊಳ್ಳಬಾರದು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ ಸೆಕ್ಷನ್ 8(2) ಇನ್ನೂ ಉಳಿದಿದೆ. ಅರ್ಜಿ ಬರೆಯುವವರು ಅದನ್ನು ಹೆಸರಿಸಿಯೇ ಕೇಳಲಿ. ಕೌನ್ಸಿಲ್‌ಗಳೂ ಎಷ್ಟು ದೂರು ಬಂದವು, ಎಷ್ಟು ಬಾಕಿ, ಎಷ್ಟರಲ್ಲಿ ಶಿಕ್ಷೆ ಎನ್ನುವ ಅಂಕಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಲಿ; ಅದರಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇಲ್ಲ.

ಸಾಫ್ಟ್‌ವೇರ್ ಗುತ್ತಿಗೆಯ ಬಗ್ಗೆ ಎರಡು ಮಾತು. ಗುತ್ತಿಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಹಳೆಯವರ ಬಳಿ ಡೇಟಾಬೇಸಿನ ಪೂರ್ತಿ ಪ್ರತಿ ಉಳಿಯುತ್ತದೆ, ಬಹುಪಾಲು ಯಾರದೋ ಲ್ಯಾಪ್‌ಟಾಪಿನಲ್ಲಿ. ಅದನ್ನು ಹಿಂತಿರುಗಿಸಿ ಅಳಿಸಿದ ಪ್ರಮಾಣಪತ್ರ ಕೊಟ್ಟ ನಂತರವೇ ಕೊನೆಯ ಕಂತಿನ ಹಣ ಎಂದು ಕರಾರಿನಲ್ಲಿ ಬರೆಯಬೇಕು. ಇಡೀ ಕಚೇರಿಗೆ ‘ಅಡ್ಮಿನ್’ ಎಂಬ ಒಂದೇ ಲಾಗಿನ್ ಇದ್ದರೆ ಯಾರು ಏನು ನೋಡಿದರು ಎಂದು ದೇವರಿಗೂ ತಿಳಿಯದು; ಪ್ರತಿ ಸಿಬ್ಬಂದಿಗೂ ಅವರವರ ಹೆಸರಿನ ಲಾಗಿನ್ ಬೇಕು, ನಿವೃತ್ತಿಯಾದ ದಿನವೇ ಅದು ಮುಚ್ಚಬೇಕು. ಯಾರು ಯಾವಾಗ ಏನು ತೆರೆದರು ಎಂದು ಕಂಪ್ಯೂಟರ್ ಬರೆದಿಡುವ ಲಾಗ್‌ಗಳನ್ನು 180 ದಿನ ಇಡಬೇಕೆಂದು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶದಲ್ಲಿದೆ; 2023ರ ಕಾಯ್ದೆಯ ಹೊಸ ನಿಯಮಗಳು ಒಂದು ವರ್ಷ ಎನ್ನುತ್ತವೆ. ಒಂದು ವರ್ಷವನ್ನೇ ಅಳತೆಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಸೋರಿದರೆ? ಗಾಬರಿಯಲ್ಲಿ ಸರ್ವರನ್ನು ಫಾರ್ಮ್ಯಾಟ್ ಮಾಡಿಬಿಡುವುದು ಮೊದಲ ದಿನ ಆಗುವ ದೊಡ್ಡ ತಪ್ಪು. ಹಾಗೆ ಮಾಡಿದರೆ ಯಾರು, ಯಾವ ದಾರಿಯಿಂದ ಬಂದರು ಎನ್ನುವ ಗುರುತೆಲ್ಲ ಅಳಿಸಿಹೋಗುತ್ತದೆ. ಇಂಟರ್ನೆಟ್‌ನಿಂದ ಬೇರ್ಪಡಿಸಿ, ಲಾಗ್‌ಗಳ ಪ್ರತಿ ತೆಗೆದು, ಎಲ್ಲ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಈ 6 ಗಂಟೆಯ ನಿಯಮ ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಆಮೇಲೆ ಬರುವ ಹೆಜ್ಜೆಯನ್ನು ಕೌನ್ಸಿಲ್‌ಗೆ ಕಾಯ್ದೆ ಕಡ್ಡಾಯ ಮಾಡಿಲ್ಲ, ಮಾಡಬೇಕಾದದ್ದು ಮಾತ್ರ ಅದೇ: ಯಾರ ಯಾವ ಯಾವ ವಿವರ ಹೋಯಿತು ಎಂದು ಪಟ್ಟಿ ಮಾಡಿ, ಅವರಿಗೆಲ್ಲ 72 ಗಂಟೆಯೊಳಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಎಸ್ಸೆಮ್ಮೆಸ್ ಕಳಿಸುವುದು. ಆ ಸಂದೇಶದಲ್ಲಿ ಲಿಂಕ್ ಇರಬಾರದು. ಸೋರಿಕೆಯ ಸುದ್ದಿ ಹೊರಬಿದ್ದ ಕೂಡಲೇ ವಂಚಕರು ಅದೇ ರೀತಿಯ ಸಂದೇಶವನ್ನು ತಮ್ಮ ಲಿಂಕ್ ಸೇರಿಸಿ ಕಳಿಸುತ್ತಾರೆ. ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತರಿಸಿ ನೋಡಿ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ತಿಳಿಸಿದರೆ ಜನರಿಗೆ ಮುಂದಿನ ದಾರಿ ಕಾಣುತ್ತದೆ.

ಸೆಕ್ಷನ್ 17ರ ವಿನಾಯಿತಿಗೆ ಒಂದು ಗೆರೆ ಇದೆ ಎಂಬುದನ್ನೂ ಕೌನ್ಸಿಲ್‌ಗಳು ನೆನಪಿಡಬೇಕು. ಅದು ನಿಯಂತ್ರಣದ ಕೆಲಸಕ್ಕೆ ಅಗತ್ಯವಾದಷ್ಟಕ್ಕೆ ಮಾತ್ರ. ಸದಸ್ಯರ ಮೊಬೈಲ್ ಪಟ್ಟಿಯನ್ನು ಸಮ್ಮೇಳನದ ಪ್ರಾಯೋಜಕರಿಗೆ, ವಿಮಾ ಕಂಪನಿಗೆ ಕೊಡುವುದು ನಿಯಂತ್ರಣದ ಕೆಲಸವಲ್ಲ. ಕೌನ್ಸಿಲ್ ಚುನಾವಣೆಗೆ ಮತದಾರರ ಪಟ್ಟಿ ಬೇಕು. ಅದರಲ್ಲಿ ಮೊಬೈಲ್ ಸಂಖ್ಯೆ ಬೇಕಿಲ್ಲ. ಇಂಥ ಕಡೆಗಳಲ್ಲಿ 2027ರ ಮೇ ನಂತರ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತದೆ, ಅನುಮತಿ ಕೇಳದೆ ಕೊಟ್ಟವರು ಉತ್ತರಿಸಬೇಕಾಗುತ್ತದೆ.

ನೋಂದಾಯಿತರು ಈಗಲೇ ಮಾಡಬಹುದಾದದ್ದೂ ಇದೆ. ಜಾಲತಾಣದಲ್ಲಿ ನಿಮ್ಮ ಹೆಸರು ಹುಡುಕಿ, ಏನೇನು ಕಾಣುತ್ತದೆ ನೋಡಿ. ವಿಳಾಸದ ಜಾಗಕ್ಕೆ ಕ್ಲಿನಿಕ್ ಅಥವಾ ಆಸ್ಪತ್ರೆಯ ವಿಳಾಸ ಹಾಕುವಂತೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆಯಲ್ಲಿರುವ ಮೊಬೈಲ್ ನಿಮ್ಮದೇ ಹೌದೇ ಪರಿಶೀಲಿಸಿ. ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ‘ಇಂಥ ಕೌನ್ಸಿಲ್‌ನ ನೋಂದಣಿಗೆ ಮಾತ್ರ’ ಎಂದು ದಿನಾಂಕ ಹಾಕಿ ಬರೆಯಿರಿ. ಅಕ್ಷರಗಳು ಫೋಟೊ ಮತ್ತು ಸಂಖ್ಯೆಯ ಮೇಲೆ ಹಾಯ್ದು ಹೋಗಲಿ, ಅಂಚಿನಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ವಿದೇಶಕ್ಕೆ ಬೇಕಾದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರಕ್ಕೆ (ನೋಂದಣಿ ಸರಿಯಾಗಿದೆ, ಶಿಸ್ತುಕ್ರಮ ಇಲ್ಲ ಎನ್ನುವ ಪತ್ರ) ಏಜೆಂಟರ ಲಾಗಿನ್ ಬಳಸಬೇಡಿ. ಅದನ್ನು ಕೌನ್ಸಿಲ್ ನೇರವಾಗಿ ಅಲ್ಲಿನ ಕೌನ್ಸಿಲ್‌ಗೆ ಕಳಿಸುವ ವ್ಯವಸ್ಥೆ ಇದ್ದರೆ ಅದನ್ನೇ ಕೇಳಿ.

ಕೊನೆಯದಾಗಿ ಒಂದು ಮನವಿ. ಫಿಸಿಯೊಥೆರಪಿಸ್ಟರು, ಲ್ಯಾಬ್ ತಂತ್ರಜ್ಞರು ಮುಂತಾದ ಆರೋಗ್ಯ ವೃತ್ತಿಯವರಿಗಾಗಿ 2021ರ ಕೇಂದ್ರ ಕಾಯ್ದೆ ಪ್ರತಿ ರಾಜ್ಯದಲ್ಲೂ ಹೊಸ ಕೌನ್ಸಿಲ್, ಹೊಸ ರಿಜಿಸ್ಟರ್ ಬೇಕೆನ್ನುತ್ತದೆ. ಹಳೆಯ ಕೌನ್ಸಿಲ್‌ಗಳು ದಶಕಗಳ ಕಾಗದ, ಹಳೆಯ ಸಾಫ್ಟ್‌ವೇರ್‌ಗಳನ್ನು ಹೊತ್ತು ತಿದ್ದಿಕೊಳ್ಳಬೇಕು. ಹೊಸದಕ್ಕೆ ಆ ಹೊರೆ ಇಲ್ಲ. ಆರೋಗ್ಯ ಇಲಾಖೆ ಅದರ ಅರ್ಜಿ ನಮೂನೆಯನ್ನು ಅಂತಿಮಗೊಳಿಸುವ ಮೊದಲು ಕರಡನ್ನು ಕನ್ನಡದಲ್ಲಿ ಪ್ರಕಟಿಸಿ 30 ದಿನ ಆಕ್ಷೇಪಣೆ ಕರೆಯಲಿ. ಪ್ರತಿ ಅಂಕಣದ ಎದುರು ಮೂರು ವಿಷಯ ಬರೆದಿರಲಿ: ಇದು ಏಕೆ ಬೇಕು, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ. ಈ ಮೂರಕ್ಕೆ ಉತ್ತರ ಬರೆಯಲಾಗದ ಅಂಕಣವನ್ನು ನಮೂನೆಯಿಂದಲೇ ತೆಗೆಯಲಿ.

ಇತಿ,
ವೃತ್ತಿ ನೋಂದಣಿ ದಾಖಲೆ ಮತ್ತು ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವ ಕೆಲವರು,
ಬೆಂಗಳೂರು